ರೊಟ್ಟಿ ಬಿಡಲಿಲ್ಲ, ಆದರೂ ಸಕ್ಕರೆ ಕಾಯಿಲೆ ಏಕೆ ಬಂತು?

ಪ್ರಶ್ನೆ: ನಾವು ಮೂಲತಃ ಗದಗ ಜಿಲ್ಲೆಯ ರೋಣ ತಾಲ್ಲೂಕಿನವರು, ಈಗ ಹುಬ್ಬಳ್ಳಿಯಲ್ಲಿದ್ದೇವೆ. ನಮ್ಮ ಅಜ್ಜ ಜೋಳದ ರೊಟ್ಟಿ ಉಂಡು 88 ವರ್ಷ ಬಾಳಿದರು. ತಂದೆಯವರೂ ರೊಟ್ಟಿ ಬಿಟ್ಟವರಲ್ಲ, ದಪ್ಪಗೂ ಇಲ್ಲ. ಆದರೆ ಅವರಿಗೆ 52ನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು, 58ಕ್ಕೆ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಮಧ್ಯಾಹ್ನ ಮೂರು ರೊಟ್ಟಿ ಮತ್ತು ಅನ್ನ-ಸಾರು, ರಾತ್ರಿ ಮತ್ತೆ ಅದೇ, ದಿನಕ್ಕೆ ನಾಲ್ಕೈದು ಸಲ ಚಹಾ, ಸಂಜೆಗೆ ಏನಾದರೂ ಕರಿದ ತಿನಿಸು: ಇದು ಅವರ ರೂಢಿ. ನನಗೀಗ 41, ಬಿಪಿ 138/88 ಬಂದಿದೆ. ಒಬ್ಬರು ಅನ್ನ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಬಿಡಿ ಎನ್ನುತ್ತಾರೆ, ಮತ್ತೊಬ್ಬರು ಜೋಳವನ್ನೂ ಬಿಟ್ಟು ನವಣೆ, ಸಾವೆ ಉಣ್ಣಿ ಎನ್ನುತ್ತಾರೆ. ನಿಜವಾಗಿ ಯಾವುದನ್ನು ಬಿಡಬೇಕು? ತಂದೆಯವರಿಗೆ ಬೇರೆ ಅಡುಗೆ ಮಾಡಬೇಕೆ?

ಉತ್ತರ: ಯಾವುದಾದರೂ ಒಂದು ಪದಾರ್ಥದ ಹೆಸರು ಹೇಳಿ ನಿಮ್ಮನ್ನು ಕಳಿಸಿಕೊಡುವುದು ನನಗೆ ಸುಲಭ, ಆದರೆ ಅದರಿಂದ ನಿಮಗೆ ಉಪಯೋಗವಾಗದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ರಕ್ತನಾಳಗಳ ಕಾಯಿಲೆ ಇವೆಲ್ಲ ಹತ್ತಿಪ್ಪತ್ತು ವರ್ಷ ಒಳಗೊಳಗೇ ಬೆಳೆದು ಬರುವ ಕಾಯಿಲೆಗಳು. ಆ ಹತ್ತಿಪ್ಪತ್ತು ವರ್ಷ ಗಂಗಾಳದಲ್ಲಿ ಏನೇನು ಬಿತ್ತು, ಎಷ್ಟೆಷ್ಟು ಬಿತ್ತು, ಯಾವುದರ ಜೊತೆಗೆ ಬಿತ್ತು ಎಂಬ ಒಟ್ಟು ಲೆಕ್ಕವೇ ಅಪಾಯವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಒಂದನ್ನು ಬಿಟ್ಟಾಗ ಅದರ ಜಾಗ ಖಾಲಿ ಉಳಿಯುವುದಿಲ್ಲ, ಹಸಿವು ಆ ಜಾಗಕ್ಕೆ ಇನ್ನೊಂದನ್ನು ತಂದು ಇಡುತ್ತದೆ. ಹಾಗೆ ಬಂದದ್ದು ಏನು ಎಂಬುದನ್ನು ನೋಡದೆ, ಬಿಟ್ಟದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಹೇಳಲು ಬರುವುದಿಲ್ಲ.

ಮೊದಲು ನಿಮ್ಮ ಅಜ್ಜನವರ ವಿಷಯ. ಅವರ ದೀರ್ಘಾಯುಷ್ಯದ ಶ್ರೇಯವನ್ನೆಲ್ಲ ರೊಟ್ಟಿಗೆ ಕೊಡುವುದು ಸರಿಯಾಗದು. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು. ಕಾಲರಾ, ಪ್ಲೇಗು, ಮಲೇರಿಯಾ, ಹೆರಿಗೆಯ ನಂಜು, ಕೂಸುಗಳ ವಾಂತಿಭೇದಿ ಇವುಗಳಿಗೆ ತುತ್ತಾದವರ ಮನೆಗಳಲ್ಲೂ ಅದೇ ರೊಟ್ಟಿಯೇ ಬೇಯುತ್ತಿತ್ತು. ಎಲ್ಲವನ್ನೂ ದಾಟಿ ಬಂದ ಗಟ್ಟಿ ಜೀವಗಳನ್ನು ಮಾತ್ರ ನಾವು ನೆನೆಯುತ್ತೇವೆ. ಇಷ್ಟು ಹೇಳಿದ ಮೇಲೂ ಅವರ ಊಟದಲ್ಲಿ ಇಂದಿನ ಪೋಷಣಾ ವಿಜ್ಞಾನ ಒಪ್ಪುವಂಥದ್ದು ಬಹಳವಿತ್ತು ಎಂಬುದು ನಿಜ.

ರೋಣ, ನರಗುಂದ, ನವಲಗುಂದದ ಎರಿ ಸೀಮೆಯಲ್ಲಿ ಆ ತಲೆಮಾರಿನ ಒಕ್ಕಲು ಮನೆಯ ದಿನದ ಊಟ ಹೇಗಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ಹಿಂಗಾರಿ ಬಿಳಿಜೋಳದ ರೊಟ್ಟಿ, ಅದರ ಜೊತೆ ಹೆಸರು, ಮಡಿಕೆ, ಅಲಸಂದಿ ಅಥವಾ ಕಡಲೆಯ ಕಾಳುಪಲ್ಲೆ, ಹೊಲದ ಬದುವಿನಿಂದ ಕಿತ್ತು ತಂದ ಹಕ್ಕರಕಿ, ಪುಂಡಿ, ರಾಜಗಿರಿ ತಪ್ಪಲು, ಅಗಸಿ, ಗುರೆಳ್ಳು, ಶೇಂಗಾ ಇವುಗಳ ಚಟ್ನಿ, ಹಸಿ ಉಳ್ಳಾಗಡ್ಡಿ, ಮೂಲಂಗಿ, ಸೌತೆಕಾಯಿ, ಕೊನೆಗೆ ಮಜ್ಜಿಗೆ. ಅಕ್ಕಿಯ ಅನ್ನ ಹಬ್ಬಕ್ಕೆ, ಬೀಗರು ಬಂದಾಗ. ಹೋಳಿಗೆ, ಕರ್ಚಿಕಾಯಿಗಳಿಗೂ ತಮ್ಮ ತಮ್ಮ ದಿನವಿತ್ತು. ಇದರ ಮೇಲೆ ದಿನವಿಡೀ ರೆಂಟೆ, ಕುಂಟೆ, ಕಸ ತೆಗೆಯುವ ಕೆಲಸ. ರೊಟ್ಟಿ ಈ ಗುಂಪಿನಲ್ಲಿ ಒಬ್ಬ ಸದಸ್ಯ ಮಾತ್ರ.

ತಂದೆಯವರ ಕಾಲಕ್ಕೆ ರೊಟ್ಟಿ ಉಳಿಯಿತು, ಅದರ ಸುತ್ತಲಿನದು ಬದಲಾಯಿತು. ಕಾಳುಪಲ್ಲೆ ಗಂಗಾಳದ ಮೂಲೆ ಸೇರಿತು, ತಪ್ಪಲು ವಾರಕ್ಕೊಮ್ಮೆಗೆ ಇಳಿಯಿತು, ಬದುವಿನ ಹಕ್ಕರಕಿಯ ಜಾಗಕ್ಕೆ ಎಣ್ಣೆ ತೇಲುವ ಬದನೆಕಾಯಿ ಬಂತು. ಅನ್ನ ದಿನಕ್ಕೆರಡು ಸಲದ್ದಾಯಿತು. ನಾಲ್ಕೈದು ಚಹಾ, ಅದರ ಜೊತೆಗಿನ ಟೋಸ್ಟ್ ಮತ್ತು ಬಿಸ್ಕಿಟ್, ಸಂಜೆಯ ಮಿರ್ಚಿ-ಗಿರಮಿಟ್ಟು ಹೊಸದಾಗಿ ಸೇರಿಕೊಂಡವು. ಕೆಲಸ ಹೊಲದಿಂದ ಕುರ್ಚಿಗೆ ಬಂತು. ಹೀಗಾಗಿ ‘ನಾವು ರೊಟ್ಟಿ ಬಿಟ್ಟಿಲ್ಲ’ ಎಂಬ ಮಾತು ಅಕ್ಷರಶಃ ನಿಜವಾಗಿದ್ದರೂ, ಅಜ್ಜ ಉಂಡ ಊಟವನ್ನು ತಂದೆಯವರು ಉಣ್ಣಲಿಲ್ಲ.

ಊಟದ ಇಡೀ ಪದ್ಧತಿಯನ್ನೇ ಪರೀಕ್ಷೆಗೆ ಒಡ್ಡಿದ ಅಧ್ಯಯನಗಳು ಕೆಲವಿವೆ. ನಿಮ್ಮ ಬಿಪಿಗೆ ನೇರವಾಗಿ ಸಂಬಂಧಿಸಿದ್ದು ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಡ್ಯಾಶ್ ಅಧ್ಯಯನ. 459 ವಯಸ್ಕರನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ಊಟವನ್ನು ತಯಾರಿಸಿಯೇ ಕೊಟ್ಟು, ಎಂಟು ವಾರ ನೋಡಿದರು. ಒಂದು ಗುಂಪಿಗೆ ಅಲ್ಲಿಯ ಎಂದಿನ ಊಟ, ಎರಡನೆಯದಕ್ಕೆ ಅದಕ್ಕಿಂತ ಹೆಚ್ಚು ಹಣ್ಣು-ತರಕಾರಿ, ಮೂರನೆಯದಕ್ಕೆ ಹಣ್ಣು-ತರಕಾರಿಯ ಜೊತೆಗೆ ಕೆನೆ ತೆಗೆದ ಹಾಲು-ಮೊಸರು, ಇಡಿಧಾನ್ಯ ಹಾಗೂ ಕಡಿಮೆ ಜಿಡ್ಡು. ಉಪ್ಪಿನ ಪ್ರಮಾಣ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, ಯಾರ ತೂಕವೂ ಇಳಿಯದಂತೆ ನೋಡಿಕೊಳ್ಳಲಾಗಿತ್ತು. ಬಿಪಿ ಇದ್ದವರಲ್ಲಿ ಹಣ್ಣು-ತರಕಾರಿಯ ಗುಂಪಿಗೆ ಮೇಲಿನ ಅಂಕಿ ಸುಮಾರು 7 ಇಳಿಯಿತು, ಪೂರ್ತಿ ಪದ್ಧತಿ ಬದಲಾದ ಗುಂಪಿಗೆ 11ರಷ್ಟು ಇಳಿಯಿತು. ಇದು ಒಂದು ಬಿಪಿ ಮಾತ್ರೆಯ ಪರಿಣಾಮಕ್ಕೆ ಸಮೀಪದ್ದು, ಅದೂ ಮೊದಲ ಎರಡು ವಾರಗಳಲ್ಲೇ ಕಾಣತೊಡಗಿತ್ತು. 2001ರಲ್ಲಿ ಅದೇ ತಂಡದವರು ಈ ಪದ್ಧತಿಯ ಜೊತೆಗೆ ಉಪ್ಪನ್ನೂ ಇಳಿಸಿ ನೋಡಿದಾಗ ಒತ್ತಡ ಇನ್ನಷ್ಟು ತಗ್ಗಿತು. ಯಾವುದೋ ಒಂದೇ ಪೋಷಕಾಂಶ ಈ ಕೆಲಸ ಮಾಡಿತೆಂದು ಬೇರ್ಪಡಿಸಿ ತೋರಿಸಲು ಈ ಅಧ್ಯಯನದಿಂದ ಸಾಧ್ಯವಿಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ನಾರು ಎಲ್ಲವೂ ಆ ಊಟದಲ್ಲಿ ಒಟ್ಟಿಗೇ ಇದ್ದವು, ಒಟ್ಟಿಗೇ ಕೆಲಸ ಮಾಡಿದವು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಅಮೆರಿಕದಲ್ಲೇ ಮುಟ್ಟು ನಿಂತ 48,835 ಮಹಿಳೆಯರಲ್ಲಿ ಒಂದು ಭಾಗದವರಿಗೆ ಒಟ್ಟು ಜಿಡ್ಡು ಕಡಿಮೆ ಮಾಡಿ, ಹಣ್ಣು-ತರಕಾರಿ, ಧಾನ್ಯ ಹೆಚ್ಚಿಸುವಂತೆ ಹೇಳಿ ಸುಮಾರು ಎಂಟು ವರ್ಷ ಗಮನಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂದಾಗ, ಹೃದ್ರೋಗದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಯಾವ ಜಿಡ್ಡು ಎಂಬುದನ್ನು ನೋಡದೆ ‘ಎಣ್ಣೆ ಬಿಡಿ’ ಎಂದಷ್ಟೇ ಹೇಳಿದರೆ ಆಗುವುದು ಹೀಗೆ. ತುಪ್ಪ, ಬೆಣ್ಣೆ, ವನಸ್ಪತಿಗಳ ಗಟ್ಟಿ ಜಿಡ್ಡನ್ನು ತೆಗೆದು ಆ ಜಾಗಕ್ಕೆ ಮೈದಾ, ಸಕ್ಕರೆ, ಬಿಳಿ ಅನ್ನ ತುಂಬಿದರೆ ಹೃದಯಕ್ಕೆ ಲಾಭವಿಲ್ಲ. ಅದೇ ಜಾಗಕ್ಕೆ ಶೇಂಗಾ, ಕುಸುಬೆ, ಅಗಸಿಯಂಥ ಕಾಳುಗಳ ಜಿಡ್ಡು ಬಂದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಸ್ಪೇನ್ ದೇಶದಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನವು ತರಕಾರಿ, ಕಾಳು, ಹಣ್ಣು, ಮೀನುಗಳ ಊಟಕ್ಕೆ ಆಲಿವ್ ಎಣ್ಣೆ ಅಥವಾ ಬಾದಾಮಿ-ಅಕ್ರೋಟುಗಳನ್ನು ಧಾರಾಳವಾಗಿ ಸೇರಿಸಿ, ಹೃದಯಾಘಾತ ಮತ್ತು ಪಾರ್ಶ್ವವಾಯು ಮೊದಲಾದವುಗಳಲ್ಲಿ ಸುಮಾರು ಶೇ. 30ರ ಇಳಿಕೆ ಕಂಡಿತು. 2013ರ ಈ ವರದಿಯನ್ನು ಗುಂಪು ವಿಂಗಡಣೆಯ ಲೋಪಗಳಿಗಾಗಿ ಹಿಂಪಡೆದು, ಮರುಲೆಕ್ಕ ಹಾಕಿ 2018ರಲ್ಲಿ ಮತ್ತೆ ಪ್ರಕಟಿಸಬೇಕಾಯಿತು ಎಂಬುದನ್ನೂ ಹೇಳಬೇಕು. ಫಲಿತಾಂಶದ ದಿಕ್ಕು ಮಾತ್ರ ಬದಲಾಗಲಿಲ್ಲ. ಇದನ್ನು ಓದಿ ಹುಬ್ಬಳ್ಳಿಯಲ್ಲಿ ಆಲಿವ್ ಎಣ್ಣೆಗೆ ಹಣ ಸುರಿಯಬೇಕಾಗಿಲ್ಲ. ನಮ್ಮ ಗಾಣದ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಸಾಕು, ಅಳತೆ ಮೀರದಿದ್ದರೆ.

ಇನ್ನು ಜೋಳ ಬಿಟ್ಟು ನವಣೆ, ಸಾವೆ ಉಣ್ಣುವ ಸಲಹೆ. ನನಗೆ ಇದರ ಬಗ್ಗೆ ಕಳಕಳಿ ಹೆಚ್ಚು, ಏಕೆಂದರೆ ಸಿರಿಧಾನ್ಯಗಳನ್ನು ಔಷಧಿಯೆಂದು ನಂಬಿ, ನುಂಗುತ್ತಿದ್ದ ಮಾತ್ರೆ ಬಿಟ್ಟವರು ನಮ್ಮ ಭಾಗದಲ್ಲಿ ಇದ್ದಾರೆ. ಜೋಳವೂ ಸಿರಿಧಾನ್ಯವೇ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ. ಜೋಳದ ಪಿಷ್ಟದ ಸುತ್ತ ಅದರ ಪ್ರೋಟೀನು ಗಟ್ಟಿಯಾಗಿ ಹೆಣೆದುಕೊಂಡಿರುವುದರಿಂದ ಅದು ನಿಧಾನವಾಗಿ ಕರಗುತ್ತದೆ. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಅದೇ ನೂರು ಗ್ರಾಮಿನಲ್ಲಿ ಮೂರನೆಯ ಎರಡು ಪಾಲು ಪಿಷ್ಟವೇ ಇದೆ. ನವಣೆ, ಸಾವೆಗಳ ಮಾತೂ ಇದಕ್ಕಿಂತ ಬಹಳ ಬೇರೆಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮಧುಮೇಹ ಸಂಶೋಧಕರು ಕೂಡಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಹೇಳಿದ ಸಮೀಕ್ಷೆಯೇ ಇದು. ಅದರ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರ ದಿನದ ಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ-ಸಕ್ಕರೆಗಳಿಂದಲೇ ಬರುತ್ತಿದೆ, ಪ್ರೋಟೀನಿನ ಪಾಲು ತೀರ ಸಣ್ಣದು. ಬಿಳಿ ಅಕ್ಕಿಯ ಜಾಗಕ್ಕೆ ಇಡೀ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಂದು, ಪಿಷ್ಟದ ಒಟ್ಟು ಪ್ರಮಾಣ ಅಷ್ಟೇ ಉಳಿದರೆ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆಯಾಗುವುದು ಕಾಣಲಿಲ್ಲ. ಆ ಶಕ್ತಿಯಲ್ಲಿ ಶೇ. 5ರಷ್ಟನ್ನು ಮಾತ್ರ ಬೇಳೆಕಾಳು, ಹಾಲು-ಮೊಸರುಗಳ ಪ್ರೋಟೀನಿಗೆ ಬಿಟ್ಟುಕೊಟ್ಟರೂ ಸಾಧ್ಯತೆ ಕಡಿಮೆ ಎಂದು ಲೆಕ್ಕ ಹೇಳಿತು. ಇದು ಒಂದು ಕಾಲಘಟ್ಟದ ಸಮೀಕ್ಷೆಯಾದ್ದರಿಂದ ಕಾರಣ-ಪರಿಣಾಮವನ್ನು ಖಚಿತವಾಗಿ ಸಾಬೀತು ಮಾಡಲಾರದು, ಆದರೂ ನಿಮ್ಮ ತಂದೆಯವರ ಗಂಗಾಳಕ್ಕೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಹಿಡಿದರೂ ಎರಡು ಹೊತ್ತಿನ ಆರು ರೊಟ್ಟಿಗೆ 300 ಗ್ರಾಂ ಆಯಿತು. ಅದರ ಮೇಲೆ ಎರಡು ಸಲ ಅನ್ನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ, 2000 ಕಿಲೊಕ್ಯಾಲೊರಿ ಸಾಕಾಗುವ ವಯಸ್ಕರಿಗೆ ಎಲ್ಲ ಧಾನ್ಯಗಳೂ ಸೇರಿ ದಿನಕ್ಕೆ 250 ಗ್ರಾಂ ಎಂದು ಹೇಳಿದೆ.

ತಂದೆಯವರು ದಪ್ಪಗಿಲ್ಲ ಎಂಬುದನ್ನು ನೀವು ವಿಶೇಷವಾಗಿ ಬರೆದಿದ್ದೀರಿ. ತೂಕ ನೋಡಿ ಸಮಾಧಾನಪಡಬೇಡಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕರು 2004ರಲ್ಲಿ ತಮ್ಮನ್ನೂ ಬ್ರಿಟಿಷ್ ಸಹೋದ್ಯೋಗಿಯೊಬ್ಬರನ್ನೂ ಹೋಲಿಸಿ ತೋರಿಸಿದ್ದರು: ಇಬ್ಬರ ಎತ್ತರ-ತೂಕದ ಅನುಪಾತ ಒಂದೇ 22.3, ಆದರೆ ದೇಹದ ಕೊಬ್ಬು ಬ್ರಿಟಿಷರಲ್ಲಿ ಶೇ. 9ರಷ್ಟು, ಯಾಜ್ಞಿಕರಲ್ಲಿ ಶೇ. 21ರಷ್ಟು. ನಮ್ಮವರಲ್ಲಿ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿ ಕೂತ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ದಾಟಬಾರದು. ದರ್ಜಿಯ ಟೇಪು ಇದ್ದರೆ ಸಾಕು, ಇಂದೇ ಅಳೆದುಕೊಳ್ಳಿ.

ಹಾಗಾದರೆ ಬದಲಾವಣೆ ಎಲ್ಲಿಂದ ಆರಂಭಿಸಬೇಕು? ನಾನು ಮನೆಯವರಿಗೆ ಗಂಗಾಳಕ್ಕಿಂತ ಮೊದಲು ತಿಂಗಳ ಕಿರಾಣಿ ಚೀಟಿ ತರಲು ಹೇಳುತ್ತೇನೆ. ನಿನ್ನೆ ಏನು ಉಂಡಿರಿ ಎಂದರೆ ನೆನಪು ತಪ್ಪುತ್ತದೆ, ಕಿರಾಣಿ ಚೀಟಿಯಲ್ಲಿ ಇಡೀ ಮನೆಯ ಆಹಾರ ಪದ್ಧತಿ ತೂಕದ ಸಮೇತ ಬರೆದಿರುತ್ತದೆ. ಮೇಲೆ ಹೇಳಿದ ಮಾರ್ಗಸೂಚಿಯನ್ನು ನಾಲ್ಕು ಜನ ವಯಸ್ಕರ ಮನೆಗೆ ಮೂವತ್ತು ದಿನಕ್ಕೆ ಲೆಕ್ಕ ಹಾಕಿದರೆ ಅಕ್ಕಿ, ಜೋಳ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ 30 ಕಿಲೊ ಆಗುತ್ತದೆ. ಬೇಳೆಕಾಳು ದಿನಕ್ಕೆ ತಲೆಗೆ 85 ಗ್ರಾಮಿನಂತೆ 10 ಕಿಲೊ, ಮೊಟ್ಟೆ-ಮಾಂಸ ಉಣ್ಣುವ ಮನೆಯಾದರೆ ಅದರಲ್ಲಿ ಒಂದು ಪಾಲು ಅವುಗಳಿಗೆ ಹೋಗುತ್ತದೆ. ಶೇಂಗಾ, ಎಳ್ಳು, ಅಗಸಿಯಂಥವು 4 ಕಿಲೊ, ಎಣ್ಣೆ-ತುಪ್ಪ ಎಲ್ಲ ಸೇರಿ 3 ಕಿಲೊಗೆ ತುಸು ಮೇಲೆ. ಉಪ್ಪು ದಿನಕ್ಕೆ ತಲೆಗೆ 5 ಗ್ರಾಂ ದಾಟಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ 600 ಗ್ರಾಂ. ಹೆಚ್ಚಿನ ಮನೆಗಳ ಚೀಟಿಯಲ್ಲಿ ಧಾನ್ಯ ಈ ಅಂಕಿಗಿಂತ ಬಹಳ ಮೇಲಿರುತ್ತದೆ, ಕಾಳು ಬಹಳ ಕೆಳಗಿರುತ್ತದೆ. ಚೀಟಿಯಲ್ಲಿ ಕಾಣದ ಇನ್ನೊಂದು ಅಂಕಿ ತರಕಾರಿಯದು: ತಲೆಗೆ ದಿನಕ್ಕೆ 400 ಗ್ರಾಂ, ಹಣ್ಣು 100 ಗ್ರಾಂ. ನಾಲ್ವರ ಮನೆಗೆ ದಿನಕ್ಕೆ ಒಂದೂವರೆ ಕಿಲೊ ತರಕಾರಿ ಎಂದರೆ ಸಂತೆಯ ಚೀಲದ ಗಾತ್ರವೇ ಬದಲಾಗಬೇಕು. ಹಣದ ಕಷ್ಟ ನನಗೆ ಗೊತ್ತು. ಅದಕ್ಕಾಗಿಯೇ ತಪ್ಪಲು ಪಲ್ಲೆ, ಮೂಲಂಗಿ, ಕುಂಬಳಕಾಯಿ, ಪೇರಲ, ಬಾಳೆಯಂಥ ಅಗ್ಗದವನ್ನೇ ಹೇಳುತ್ತೇನೆ, ಪೇಟೆಯ ದುಬಾರಿ ಹಣ್ಣಿನಲ್ಲಿ ಅವುಗಳಿಗಿಂತ ವಿಶೇಷವೇನೂ ಇಲ್ಲ.

ನಿಮ್ಮ ಬಿಪಿಯ ಮಟ್ಟಿಗೆ ಉಪ್ಪನ್ನು ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ನಮ್ಮ ಭಾಗದ ಊಟದಲ್ಲಿ ಅದು ಹಲವು ದಾರಿಯಿಂದ ಬರುತ್ತದೆ. ಪಲ್ಲೆಯಲ್ಲಿ, ಸಾರಿನಲ್ಲಿ, ರಂಜಕದಲ್ಲಿ, ಚಟ್ನಿ ಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳ-ಸಂಡಿಗೆಯಲ್ಲಿ, ಮಜ್ಜಿಗೆಯಲ್ಲಿ. ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕದಿರುವ ನಮ್ಮ ರೂಢಿ ಬಹಳ ಒಳ್ಳೆಯದು, ಆದರೆ ಬಾಯಿಗೆ ರುಚಿ ತರಲು ಆ ಸಪ್ಪೆ ರೊಟ್ಟಿಯ ಪಕ್ಕದಲ್ಲಿ ಇಡುವುದೆಲ್ಲ ಉಪ್ಪಿನದ್ದೇ. ಚಟ್ನಿ ಪುಡಿ ಬಿಡಬೇಡಿ, ಅಗಸಿ ಮತ್ತು ಗುರೆಳ್ಳು ಬೇಕೇ ಬೇಕು. ಕುಟ್ಟುವಾಗ ಉಪ್ಪನ್ನು ಅರ್ಧಕ್ಕಿಳಿಸಿ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಜೀರಿಗೆಗಳ ಪ್ರಮಾಣ ಹೆಚ್ಚಿಸಿ. ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಇರುವ ಉಪ್ಪು ಈಗ ಅಂಗಡಿಯಲ್ಲಿ ಸಿಗುತ್ತದೆ. ಚೀನಾದ ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. ಆದರೆ ಮೂತ್ರಪಿಂಡ ದುರ್ಬಲವಾಗಿದ್ದವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುವ ಅಪಾಯವಿದೆ. ತಂದೆಯವರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತ ಪರೀಕ್ಷೆ) ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಅವರ ವೈದ್ಯರನ್ನು ಕೇಳದೆ ಈ ಉಪ್ಪನ್ನು ಮನೆಗೆ ತರಬೇಡಿ.

ಚಹಾದ ಮಾತು ಚಿಕ್ಕದು. ಸಕ್ಕರೆಯನ್ನು ದಿನದ ಶಕ್ತಿಯ ಶೇ. 5ರೊಳಗೆ ಇಟ್ಟುಕೊಂಡರೆ ಒಬ್ಬರಿಗೆ 25 ಗ್ರಾಂ. ಎರಡು ಚಮಚದ ಚಹಾ ನಾಲ್ಕು ಸಲ ಕುಡಿದರೆ ಅಷ್ಟಕ್ಕೇ ಅದು ಮೀರಿಹೋಗುತ್ತದೆ, ಬಿಸ್ಕಿಟ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪೊಟ್ಟಣದ ತಿನಿಸುಗಳ ಬಗ್ಗೆ ಅಮೆರಿಕದ ಕೆವಿನ್ ಹಾಲ್ ಅವರ 2019ರ ಪ್ರಯೋಗ ಸಣ್ಣದಾದರೂ ಬಿಗಿಯಾದದ್ದು: 20 ಜನರನ್ನು ಸಂಶೋಧನಾ ಕೇಂದ್ರದಲ್ಲೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾಮಾನ್ಯ ಅಡುಗೆ ಕೊಟ್ಟು, ಬೇಕಾದಷ್ಟು ಉಣ್ಣಲು ಬಿಟ್ಟಾಗ, ಸಿದ್ಧ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ಉಂಡರು. ಬಡಿಸಿಟ್ಟ ಎರಡೂ ಊಟಗಳಲ್ಲಿ ಸಕ್ಕರೆ, ಜಿಡ್ಡು, ನಾರು ಸಮನಾಗಿರುವಂತೆ ನೋಡಿಕೊಂಡಿದ್ದರೂ ಹೀಗಾಯಿತು. ಮಕ್ಕಳ ಶಾಲೆಯ ಡಬ್ಬಿಗೆ ಚಿಪ್ಸ್, ಕ್ರೀಮ್ ಬಿಸ್ಕಿಟ್ ಹಾಕುವ ಮೊದಲು ಇದನ್ನು ನೆನೆಯಿರಿ. ಹುರಿದ ಶೇಂಗಾ, ಪುಟಾಣಿ, ಒಗ್ಗರಣೆ ಹಾಕಿದ ಚುರುಮುರಿಗೆ ಹಸಿ ಉಳ್ಳಾಗಡ್ಡಿ, ಗಜ್ಜರಿ ಸೇರಿಸಿದರೆ ಮಕ್ಕಳು ಬೇಡವೆನ್ನುವುದಿಲ್ಲ. ಗಿರಮಿಟ್ಟನ್ನೂ ಸಂಪೂರ್ಣ ಬಿಡುವ ಅಗತ್ಯವಿಲ್ಲ. ಅದರ ಪಕ್ಕದ ಮಿರ್ಚಿ ಭಜಿ ದಿನದ ರೂಢಿಯಾಗದೆ ಎಂದಾದರೊಮ್ಮೆ ಬಂದರೆ ಸಾಕು.

ಕೊನೆಯದಾಗಿ ಬೇರೆ ಅಡುಗೆಯ ಪ್ರಶ್ನೆ. ಬೇಡ. ಮನೆಯ ಹೆಣ್ಣುಮಕ್ಕಳಿಗೆ ಎರಡು ಒಲೆಯ ಕೆಲಸ ಹೊರಿಸಿದರೆ ಆ ಪಥ್ಯ ತಿಂಗಳೂ ಉಳಿಯುವುದಿಲ್ಲ, ಮೇಲಾಗಿ ತಂದೆಯವರಿಗೆ ಬೇಕಾದ ಊಟವೇ 41 ವರ್ಷದ, ಬಿಪಿ ಗಡಿಯಲ್ಲಿರುವ ನಿಮಗೂ ಬೇಕಾದದ್ದು. ಅಡುಗೆ ಒಂದೇ ಇರಲಿ, ಬಡಿಸುವ ಕ್ರಮ ಬದಲಾಗಲಿ: ಮೊದಲು ಸೌತೆಕಾಯಿ, ಮೂಲಂಗಿ, ಮೆಂತೆಯ ಪಚಡಿ, ನಂತರ ಒಂದು ದೊಡ್ಡ ಬಟ್ಟಲು ಕಾಳುಪಲ್ಲೆ ಮತ್ತು ತಪ್ಪಲು ಪಲ್ಲೆ, ಅದರ ಜೊತೆ ಎರಡು ರೊಟ್ಟಿ, ಕೊನೆಗೆ ಮೊಸರು ಅಥವಾ ಉಪ್ಪಿಲ್ಲದ ಮಜ್ಜಿಗೆ. ರೊಟ್ಟಿ ಉಂಡ ಹೊತ್ತಿನಲ್ಲಿ ಅನ್ನ ಬೇಡ, ಅನ್ನ ಬೇಕೆನಿಸಿದ ದಿನ ಒಂದು ರೊಟ್ಟಿ ಕಡಿಮೆ ಮಾಡಿ ಸಣ್ಣ ಬಟ್ಟಲು ಅನ್ನಕ್ಕೆ ದಪ್ಪ ಬೇಳೆ ಹಾಕಿಕೊಳ್ಳಲಿ. ತಂದೆಯವರು ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ರೊಟ್ಟಿ-ಅನ್ನ ಒಮ್ಮೆಲೇ ಕಡಿಮೆಯಾದಾಗ ಸಕ್ಕರೆ ತೀರ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆದ್ದರಿಂದ ಬದಲಾವಣೆ ಮಾಡುವ ಮೊದಲೇ ಅವರ ವೈದ್ಯರಿಗೆ ತಿಳಿಸಿ, ಔಷಧದ ಪ್ರಮಾಣವನ್ನು ಅವರಿಂದಲೇ ಹೊಂದಿಸಿಕೊಳ್ಳಿ. ಸ್ಟೆಂಟ್ ಹಾಕಿದ ನಂತರದ ಮಾತ್ರೆಗಳನ್ನು ಊಟ ಎಷ್ಟೇ ಸುಧಾರಿಸಿದರೂ ನಿಮ್ಮಷ್ಟಕ್ಕೆ ನಿಲ್ಲಿಸಬಾರದು. ತಂಬಾಕು, ಗುಟ್ಕಾ ರೂಢಿ ಇದ್ದರೆ ಅದನ್ನು ಬಿಡಿಸುವುದು ಈ ಎಲ್ಲಕ್ಕಿಂತ ಮೊದಲಿನ ಕೆಲಸ. ನೀವು ಒಂದು ವಾರ ಬೆಳಿಗ್ಗೆ ಮತ್ತು ಸಂಜೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿಪಿ ನೋಡಿ ಬರೆದಿಡಿ. ಊಟ ಬದಲಿಸಿ ಎಂಟು ವಾರವಾದ ಮೇಲೆ ಮತ್ತೆ ಒಂದು ವಾರ ಹಾಗೆಯೇ ಬರೆದು, ಎರಡೂ ಹಾಳೆಗಳನ್ನು ವೈದ್ಯರಿಗೆ ತೋರಿಸಿ. ನಡುವೆ ಅದು 140/90 ದಾಟಿ ನಿಂತರೆ ಎಂಟು ವಾರ ಕಾಯದೆ ಹೋಗಿ.